ತುರುಬಿನ ಕೊಡೆಕಡ್ಡಿ

ಗೌರತ್ತೆಯ ತುರುಬಿನಲ್ಲಿ ಹೂವಿನ ಪಕ್ಕ ಸದಾ ಒಂದು ಕೊಡೆಕಡ್ಡಿ ಇರುತ್ತಿತ್ತು. ಗಂಡ ಹೋದ ಮೇಲೂ ಹೂವೇಕೆ ಎಂದು ಮೂಗು ಮುರಿದವರಿದ್ದರು. ಕಡ್ಡಿ ಏಕೆಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅದು ಬೀಗ ತೆಗೆಯುವುದಕ್ಕೆಂದು ನಮ್ಮೂರು ಗೆಟ್ಟವಾಡಿಗೆಲ್ಲ ಗೊತ್ತಿತ್ತು.

ಅವಳು ನಮ್ಮಪ್ಪನ ಅಕ್ಕ. ಬಾಲವಾಡಿಯ ಆಯಾ ಕೆಲಸ ಮುಗಿದ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಒಂದು ದಿನ ಮೊಬೈಲಿನಲ್ಲಿ ಯಾರೋ ಕೀಲಿಕೈ ಇಲ್ಲದೆ ಬೀಗ ತೆಗೆಯುವುದನ್ನು ಕಂಡಳು. ಅಷ್ಟೇ, ಹುಚ್ಚು ಹಿಡಿಯಿತು. ಕೀಲಿಕೈ ಕಳೆದುಹೋದ ಹಳೆಯ ಬೀಗ ಯಾರ ಮನೆಯಲ್ಲಿಲ್ಲ? ಬೀದಿಬೀದಿ ಸುತ್ತಿ ಕೇಳಿ ತಂದು ಗುಡ್ಡೆ ಹಾಕಿಕೊಂಡಳು. ತಾಳವಾಡಿ ಸಂತೆಯ ತಮಿಳು ವ್ಯಾಪಾರಿಗಳು ಅವಳನ್ನು ‘ಪೂಟ್ಟಕ್ಕ’ ಎನ್ನತೊಡಗಿದರು. ಪೂಟ್ಟು ಎಂದರೆ ಅವರ ಮಾತಿನಲ್ಲಿ ಬೀಗ.

ಒಳಗೆ ಕೂತು ಮಾಡು ಎಂದು ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. “ಕದ್ದು ಮಾಡುದ್ರೆ ಕಳ್ತನ. ಜಗುಲಿ ಮ್ಯಾಲೆ ಕುಂತು ಮಾಡುದ್ರೆ ಇದ್ಯೆ ಕಣ ಮಗ” ಎನ್ನುತ್ತಿದ್ದಳು.

ನನಗೂ ಕಲಿಸಿದಳು. ಹೇರ್‌ಪಿನ್ನಿನಿಂದ ಬೀಗವನ್ನು ಮೆಲ್ಲಗೆ ತಿರುವಿ ಹಿಡಿಯಬೇಕು, ಕೊಡೆಕಡ್ಡಿಯಿಂದ ಒಳಗಿನ ಸಣ್ಣ ಮೊಳೆಗಳನ್ನು ಒಂದೊಂದಾಗಿ ಎತ್ತಿ ಕೂರಿಸಬೇಕು. ನನ್ನ ಬೀಗದಲ್ಲಿ ಎರಡು ಕೂರುತ್ತಿದ್ದವು, ಮೂರನೆಯದು ಹಟ ಹಿಡಿಯುತ್ತಿತ್ತು. ನಾನು ಇನ್ನಷ್ಟು ಒತ್ತುತ್ತಿದ್ದೆ. ಬೆರಳು ಕೆಂಪಾಗುತ್ತಿತ್ತೇ ಹೊರತು ಬೀಗ ಜಪ್ಪಯ್ಯ ಅನ್ನುತ್ತಿರಲಿಲ್ಲ.

“ಬೀಗ ಬಿಗ್ಯಾಗಿಲ್ಲ ಕಣ, ನಿನ್ ಕೈ ಬಿಗ್ಯಾಗದೆ. ಬುಡು. ಮೊದ್ಲಿಂದ ಸುರು ಮಾಡು.”

“ಕೂತಿದ್ವೂ ಬಿದ್ದೋಯ್ತವಲ್ಲ ಅತ್ತೆ?”

“ಬೀಳ್ಳಿ. ಬಿದ್ದುದ್ದ ಎತ್ತೋಕೆ ತಾನೆ ಕಡ್ಡಿ ಇರೋದು?”

ಬೀಗ ತೆರೆದ ಮೇಲೆ ಇನ್ನೊಂದು ಕಟ್ಟಳೆ: “ತೆಗ್ದ್ ಬೀಗ ಆಕ್ದೆ ಏಳ್ಬಾರ್ದು.”

ಹೀಗಿರುವಾಗ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಕಳವಾಯಿತು. ಹಿರಿಯರು ನಾಲ್ಕು ಜನ ಗಂಟಲು ಸರಿಮಾಡಿಕೊಳ್ಳುತ್ತ ನಮ್ಮ ಜಗುಲಿಗೇ ಬಂದರು. ಅತ್ತೆ ಅವರ ಮಾತು ಮುಗಿಯುವ ಮೊದಲೇ ಎದ್ದು ಅಂಗಡಿಗೆ ಹೋಗಿ ನೋಡಿಕೊಂಡು ಬಂದಳು. ಮುಖ ಕೆಂಡವಾಗಿತ್ತು.

“ಚಿಲ್ಕನೇ ಕಿತ್ತಾಕವ್ನೆ! ಇಂಥ ಒಡ್ಡೊಡ್ಡು ಕೆಲ್ಸನ ನಂದು ಅಂತೀರಾ? ನಾಚ್ಕೆ ಆಗ್ಬೇಕು ನಿಮ್ಗೆ.”

ಬಂದವರು ಬಂದ ದಾರಿ ಹಿಡಿದರು. ಆದರೆ ಅಪ್ಪ ಹೆದರಿದ. ಮನೆಯ ಮಾನ ಹೋಯಿತೆಂದು ಅವಳ ಬೀಗಗಳನ್ನೆಲ್ಲ ಟ್ರಂಕಿಗೆ ತುಂಬಿ, ಹೊಸ ಬೀಗ ಜಡಿದು, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಮರುದಿನ ಬೆಳಿಗ್ಗೆ ಆ ಹೊಸ ಬೀಗ ಅವನ ಕಾಫಿ ಲೋಟದ ಪಕ್ಕ ಬಾಯಿ ತೆರೆದುಕೊಂಡು ಕೂತಿತ್ತು. ಅತ್ತೆ ಜಗುಲಿಯಲ್ಲಿದ್ದಳು.

“ಮಾನ ಓಗೋದು ಕದ್ರೆ ಕಣ್ಲಾ ಬಸ್ವ, ಕಲುತ್ರೆ ಅಲ್ಲ.”

ಅಪ್ಪ ಕೀಲಿಕೈ ಕಿತ್ತು ಅವಳ ಮುಂದೆ ಎಸೆದ. ಅವಳು ಅದನ್ನು ಎತ್ತಿಕೊಂಡು ಹೋಗಿ ಬಾವಿಗೆ ಹಾಕಿ ಬಂದಳು. ಅಂದಿನಿಂದ ಆ ಟ್ರಂಕಿನಲ್ಲಿ ಸೀರೆ ಇಟ್ಟುಕೊಂಡು, ಅದೇ ಬೀಗ ಹಾಕಿ, ದಿನವೂ ಕಡ್ಡಿಯಿಂದಲೇ ತೆಗೆಯುತ್ತಿದ್ದಳು. ಅಪ್ಪ ಬಹಳ ದಿನ ಅವಳೊಡನೆ ಮಾತಾಡಲಿಲ್ಲ. ಕಾಫಿ ಮಾತ್ರ ನನ್ನ ಕೈಲಿ ಕಳಿಸುತ್ತಿದ್ದ.

ಹೋದ ವರ್ಷ ಒಂದು ಬೆಳಿಗ್ಗೆ ಅದೇ ಜಗುಲಿಯಲ್ಲಿ, ಕಂಬಕ್ಕೊರಗಿ, ಹೋಗಿಬಿಟ್ಟಳು. ತನ್ನನ್ನು ಮಣ್ಣು ಮಾಡುವಾಗ ಹಸಿರು ರೇಷ್ಮೆ ಸೀರೆ ಉಡಿಸಬೇಕೆಂದು ಅಮ್ಮನಿಗೆ ಹೇಳಿದ್ದಳು. ಸೀರೆ ಟ್ರಂಕಿನಲ್ಲಿ, ಕೀಲಿಕೈ ಬಾವಿಯಲ್ಲಿ. ನೆಂಟರೊಬ್ಬರು ಹಾರೆ ತಂದರು.

ಅಲ್ಲಿಯವರೆಗೆ ಅಳದೆ ಕೂತಿದ್ದ ಅಪ್ಪ ಸಿಡಿದೆದ್ದ. “ನಮ್ಮಕ್ಕನ್ ಬೀಗ ಮುರಿಯೋನ್ ಯಾವನ್ಲಾ?” ಟ್ರಂಕನ್ನು ತಾನೇ ಹೊತ್ತು ತಂದು ಜಗುಲಿಯ ನಡುವೆ ಇಟ್ಟ. “ಇಲ್ಲೇ ಕುಂತ್ಕ ಮಗ. ಊರೆಲ್ಲ ನೋಡ್ಲಿ.”

ಅತ್ತೆಯ ತುರುಬಿನಿಂದ ಕಡ್ಡಿ, ಪಿನ್ನು ಎರಡನ್ನೂ ತೆಗೆದುಕೊಂಡೆ. ಎರಡು ಮೊಳೆ ಕೂತವು, ಮೂರನೆಯದು ಹಟ ಹಿಡಿಯಿತು. “ತಡ ಆಯ್ತದೆ, ಒಡೀರಿ ಅತ್ಲಾಗೆ” ಎಂದರು ಹಿಂದಿನಿಂದ ಯಾರೋ. ಸಿಟ್ಟು ಬಂತು, ಅಳುವೂ ಬಂತು. ಕೈ ಸಡಿಲ ಬಿಟ್ಟೆ. ಕೂತಿದ್ದವೂ ಬಿದ್ದವು. ಬೀಳಲಿ ಎಂದುಕೊಂಡು ಮೊದಲಿನಿಂದ ಶುರು ಮಾಡಿದೆ. ಬೀಗ ತೆರೆಯಿತು.

ಅಪ್ಪ ಸೀರೆ ತೆಗೆದುಕೊಂಡ. ನಾನು ಟ್ರಂಕಿಗೆ ಮತ್ತೆ ಬೀಗ ಹಾಕಿದ ಮೇಲೇ ಎದ್ದೆ. ಸೀರೆ ಉಡಿಸಿ ಮುಗಿದಾಗ ಕಡ್ಡಿಯನ್ನು ಅವಳ ತುರುಬಿಗೇ ಸಿಕ್ಕಿಸಿದೆ. ಮಣ್ಣಿಗೆ ಕಬ್ಬಿಣ ಕಳಿಸಬಾರದು ಎಂದರು ಹಿರಿಯರೊಬ್ಬರು.

“ಇರ್ಲಿ ಬುಡಿ” ಎಂದ ಅಪ್ಪ. “ಅಲ್ಲೂ ಯಾರಾರ ಬಾಗ್ಲಾಕಂಡು ಕುಂತಿದ್ರೆ?”