ಗಿಳಿಯ ಕಣ್ಣಿನ ಮಸಿ

ಬೆಳಗಿನ ಚಹಾಕ್ಕೂ ಮೊದಲು ಗೋಡೆಯ ಚಿತ್ರವೊಂದಕ್ಕೆ ಮೂಗೊಡ್ಡಿ ನಿಲ್ಲುವ ಮುದುಕನನ್ನು ನೀವು ಕಂಡಿದ್ದೀರಾ, ಮಿತ್ರರೇ? ಇಲ್ಲವಾದರೆ ಬ್ಯಾಡಗಿಗೆ ಬನ್ನಿ, ಅವನು ನಾನೇ. ಚಿತ್ರದಲ್ಲಿರುವುದು ಪೇರಲ ಟೊಂಗೆಯ ಮೇಲೆ ಕುಳಿತ ಒಂದು ಗಿಳಿ. ಬರೆದವಳು ನನ್ನ ಅಕ್ಕ, ಮದುವೆಯಾಗಿ ರಾಣೆಬೆನ್ನೂರಿಗೆ ಹೋಗುವ ಮುಂಚಿನ ವರ್ಷ. ಆಮೇಲೆ ಅವಳು ಕುಂಚ ಹಿಡಿಯಲೇ ಇಲ್ಲ. ಅವಳ ಕೈಯ ಚಿತ್ರವೆಂದು ಲೋಕದಲ್ಲಿರುವುದು ಇದೊಂದೇ.

ಕಳೆದ ಬೇಸಿಗೆಯಲ್ಲಿ ನಮ್ಮ ಹಿತ್ತಲಾಚೆಯ ಮೆಣಸಿನಕಾಯಿ ಗೋದಾಮಿಗೆ ಬೆಂಕಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಖಾರದ ಹೊಗೆ ಮಾತ್ರ ಮನೆಯೊಳಗೆ ನುಗ್ಗಿ ಬೀಗರಂತೆ ಬೀಡುಬಿಟ್ಟಿತು. ಗೋಡೆಗೆ ಸುಣ್ಣ ಬಳಿದೆವು, ಹಾಸಿಗೆ ಒಗೆದೆವು. ಆದರೂ ಚಿತ್ರದೆದುರು ನಿಂತವರು ಸೀನುತ್ತಲೇ ಇದ್ದರು. ಅಷ್ಟರಲ್ಲಿ ಅಕ್ಕ ಫೋನು ಮಾಡಿ, ಮುಂದಿನ ತಿಂಗಳು ತನ್ನ ಗಿಳಿಯನ್ನು ನೋಡಲು ಬರುವೆನೆಂದಳು.

ಉಪಾಯ ಹೇಳುವವರಿಗೆ ಬರವೇ? ಊದಿನ ಹೊಗೆ ಹಾಕೆಂದರು; ಹೊಗೆಯನ್ನು ಹೊಗೆಯಿಂದಲೇ ಓಡಿಸುವ ಶಾಸ್ತ್ರ ನನಗೆ ಒಗ್ಗಲಿಲ್ಲ. ಮೆಣಸಿನಕಾಯಿ ಹರವುತ್ತಲೇ ಬೆಳೆದ ನಮ್ಮೂರವರು ಎಲ್ಲಕ್ಕೂ ಬಿಸಿಲೇ ಮದ್ದೆಂದರು; ಆ ಬಿಸಿಲು ಬಣ್ಣವನ್ನೂ ಕುಡಿದುಬಿಡುತ್ತದೆಂದು ನಾನು ಒಪ್ಪಲಿಲ್ಲ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನಿಗೆ ಕೇಳಿದ್ದನ್ನೆಲ್ಲ ಕೆದಕಿ ನೋಡುವುದೇ ವಿದ್ಯೆ. ಚೌಕಟ್ಟಿನ ಬೆನ್ನು ಬಿಚ್ಚಿದೆ. ವಾಸನೆಯ ವಾಸಸ್ಥಾನ ಅಲ್ಲಿತ್ತು: ಹಿಂದಿನ ರಟ್ಟು ಹೊಗೆ ಹೀರಿ, ಮಸಿ ಮೆತ್ತಿಕೊಂಡು ಕುಳಿತಿತ್ತು. ಅದನ್ನು ಹಿತ್ತಲಿಗೆಸೆದು, ಚೌಕಟ್ಟನ್ನು ಒರೆಸಿ, ಚಿತ್ರವನ್ನು ಟ್ರಂಕಿನಲ್ಲಿಟ್ಟು, ಪಕ್ಕದಲ್ಲೊಂದು ಬಟ್ಟಲು ಅಡುಗೆ ಸೋಡಾ ಇರಿಸಿ ಮುಚ್ಚಿದೆ. ಎರಡು ವಾರಕ್ಕೆ ಸೀನು ನಿಂತಿತು.

ಅಲ್ಲಿಗೆ ನಾನೂ ನಿಲ್ಲಬೇಕಿತ್ತು. ಒಣ ಸ್ಪಂಜಿನಿಂದ ಚಿತ್ರವನ್ನು ಮೆಲ್ಲಗೆ ಒರೆಸುವಾಗ ಗಿಳಿಯ ಕಣ್ಣಿನಿಂದ ಕಪ್ಪು ಎದ್ದುಬಂತು. ಆ ಕಣ್ಣು ಅಪ್ಪ ಹುಬ್ಬಳ್ಳಿಯಿಂದ ತಂದ ಶಾಯಿಯದೆಂಬುದು ನಮ್ಮ ಮನೆಯ ಹಳೆಯ ಮಾತು. ಶಾಯಿ ಹೀಗೆ ಏಳದು. ಆದ್ದರಿಂದ ಏಳುತ್ತಿರುವುದು ಬೆಂಕಿಯ ಮಸಿಯೇ ಎಂದು ತರ್ಕಿಸಿ ಇನ್ನಷ್ಟು ತಿಕ್ಕಿದೆ. “ಸಾಕು ಬಿಡ್ರಿ, ಇನ್ನೂ ತಿಕ್ಕಿದ್ರ ಗಿಳೀನ ಹಾರಿ ಹೋಗ್ತದ” ಎಂದು ಹೆಂಡತಿ ಗದರಿದಾಗ ಅರ್ಧ ಕಣ್ಣು ಉಳಿದಿತ್ತು.

ಅಕ್ಕ ಬಂದಳು. ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಗಿಳಿಯ ಅರ್ಧ ಕಣ್ಣಿನ ಮೇಲೆ ಬೆರಳಾಡಿಸಿದಳು. ನಾನು ತಪ್ಪೊಪ್ಪಿಕೊಂಡು, ಶಾಯಿಯ ಕಥೆಯನ್ನೂ ಹೇಳಿದೆ. ಅವಳು ಗೊಳ್ಳನೆ ನಕ್ಕಳು.

“ಅಪ್ಪನ ಶಾಯಿ ಮುಟ್ಟಾಕ ನನ್ನ ಬಿಡ್ತಿದ್ನೇನೋ ತಮ್ಮಾ? ಒಲಿ ಮಸಿಗೆ ಜಾಲಿ ಅಂಟು ಕಲಸಿ ಬರದಿದ್ದೆ. ಊರಾಗಿನ ಎಲ್ಲಾರ ಮಾತಿಗೂ ಖರೇನ ಅಂತ ಕೇಳಾಂವ, ಇದನ್ನೊಂದು ನನ್ನ ಕೇಳಬಾರದಾಗಿತ್ತೇನು?”

ಆಮೇಲೆ ಮಸಿ ಕೇಳಿದಳು. ಗ್ಯಾಸಿನ ಒಲೆಯ ಮನೆಯಲ್ಲಿ ಮಸಿಯೆಲ್ಲಿ? ಹೆಂಡತಿ ಹಿತ್ತಲಿನಿಂದ ಆ ರಟ್ಟನ್ನು ತಂದಿಟ್ಟಳು. ಅಕ್ಕ ಅದನ್ನು ಕೆರೆದು, ಅಂಟಿನ ನೀರಿನಲ್ಲಿ ಕಲಸಿ, ಐವತ್ತು ವರ್ಷಗಳ ಮೇಲೆ ಕುಂಚ ಹಿಡಿದಳು. ರೂಢಿ ತಪ್ಪಿದ ಕೈಯಲ್ಲವೇ, ಕಣ್ಣು ತುಸು ಓರೆಯಾಯಿತು. ಹೊರಡುವಾಗ ರಟ್ಟನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕಿಳಿಸಿ, “ಇನ್ನೂ ನಾಕು ಗಿಳಿಗೆ ಸಾಕಾಗ್ತದ” ಎಂದಳು.

ಈ ಬೆಳಗೂ ಚಿತ್ರಕ್ಕೆ ಮೂಗೊಡ್ಡಿದೆ. ಕಣ್ಣಿನ ಹತ್ತಿರ ಸಣ್ಣದೊಂದು ಖಾರ. ಹಿತವಾಗಿ ಒಂದು ಸೀನು ಸೀನಿದೆ. ಗಿಳಿ ಓರೆಗಣ್ಣಿನಿಂದ ನನ್ನನ್ನೇ ನೋಡುತ್ತಿತ್ತು.