ಮಾಶಿಯ ಕೈ ಜಾರಿದ್ದಲ್ಲ

ಅವಳ ಬಲಗಾಲಿನ ಹೆಬ್ಬೆರಳ ಉಗುರಿನ ಮೇಲೆ ಯಾವಾಗಲೂ ಒಂದೆರಡು ಮೀನಿನ ಹುರುಪೆ ಅಂಟಿಕೊಂಡು ಹೊಳೆಯುತ್ತಿದ್ದವು. ಗರಿಯಾಹಾಟ್ ಮಾರುಕಟ್ಟೆಯ ಒದ್ದೆ ನೆಲದಲ್ಲಿ ಕುಳಿತು, ಆ ಕಾಲಿನಿಂದ ಮೆಟ್ಟುಗತ್ತಿಯನ್ನು ಒತ್ತಿ ಹಿಡಿದು, ಎರಡೂ ಕೈಯಿಂದ ಮೀನನ್ನು ಅಲಗಿಗೆ ತಳ್ಳುತ್ತಿದ್ದಳು. ಇಲ್ಲಿ ಮೀನು ಮಾರುವವರು ಬೇರೆ, ಕೊಯ್ದುಕೊಡುವವರು ಬೇರೆ. ನಾವೆಲ್ಲ ಅವಳನ್ನು ಮಾಶಿ ಎನ್ನುತ್ತಿದ್ದೆವು. ಬಂಗಾಳಿಯಲ್ಲಿ ಚಿಕ್ಕಮ್ಮ ಎಂದರ್ಥ. ಚಿಕ್ಕಮ್ಮನೆಂದು ಕರೆದು ನೆಲದ ಮೇಲೆ ಕೂರಿಸುವುದು ನಮ್ಮಂಥವರಿಗೆ ಚೆನ್ನಾಗಿ ಗೊತ್ತು.

ಅವಳ ಪರಿಚಯವಾದದ್ದು ನಾನೊಂದು ರೂಯಿ ಮೀನು ಹಾಳು ಮಾಡಿದ ಮೇಲೆ. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಮಂಗಳೂರಿನಿಂದ ಬಂದ ಹೊಸತು. ಬಂಗುಡೆ, ಬೂತಾಯಿ ಶುಚಿ ಮಾಡಿ ಬೆಳೆದವಳಿಗೆ ಮೀನು ಕೊಯ್ಯಲು ಇನ್ನೊಬ್ಬರು ಯಾಕೆ ಎಂಬ ಜಂಬ. ಇಡೀ ಮೀನು ಮನೆಗೆ ತಂದು, ಬಂಗುಡೆಯ ಕರುಳು ಎಳೆಯುವ ಹಾಗೆಯೇ ಹೆಬ್ಬೆರಳು ಹಾಕಿ ಎಳೆದೆ. ಒಳಗೆ ಏನೋ ಒಡೆದು ಹಸಿರು ನೀರು ಚಿಮ್ಮಿತು. ಗಸಿ ಬಾಯಿಗಿಡಲಾಗದಷ್ಟು ಕಹಿಯಾಯಿತು.

ಮರುವಾರ ಮಾಶಿ ಮೀನಿನ ಹೊಟ್ಟೆ ಬಿಡಿಸಿ ಪಿತ್ತದ ಚೀಲವನ್ನು ಎರಡು ಬೆರಳಲ್ಲಿ ಮೆಲ್ಲನೆ ಎತ್ತಿ ತೋರಿಸಿದಳು. "ಇದು ಒಡೆದ್ರೆ ಎಷ್ಟು ತೊಳೆದ್ರೂ ಹೋಗಲ್ಲ, ಬೌದಿ. ನನ್ನ ಕೈ ಇದುವರೆಗೆ ಒಂದು ಸಲಾನೂ ಜಾರಿಲ್ಲ." ಬೌದಿ ಎಂದರೆ ಅತ್ತಿಗೆ. ನಮ್ಮೂರಿನಲ್ಲೂ ಇಂಥದ್ದೇ ಮೆಟ್ಟುಗತ್ತಿ ಇದೆ ಎಂದು ನನ್ನ ಹರುಕು ಬಂಗಾಳಿಯಲ್ಲಿ ಹೇಳಿದಾಗ, ತಲೆಯೆತ್ತಿ ನೋಡಿ ನಕ್ಕಳು.

ಸಿಯಾಲ್ದಾ ಕಡೆಗೆ ಹೋಗುವ ಮೊದಲ ಲೋಕಲ್ ರೈಲು ಹಿಡಿದು ಬರುತ್ತಿದ್ದಳು. ನಾವು ಬೇಡವೆಂದ ಕರುಳು, ಕಿವಿರು ಅವಳ ಡಬ್ಬಿಗೆ ಬೀಳುತ್ತಿತ್ತು. ಅವರ ಮನೆಯ ಪದಾರ್ಥ ಅದೇ. ಒಮ್ಮೆ ಕೇಳಿದ್ದಳು, "ರೂಯಿಯ ಹೊಟ್ಟೆ ತುಂಡು ಬಾಯಲ್ಲಿ ಕರಗುತ್ತಂತೆ, ಹೌದಾ ಬೌದಿ?" ಹೌದು ಎಂದೆ. ಒಂದು ತುಂಡು ತೆಗೆದುಕೊಡಬೇಕೆಂದು ನನಗೆ ಹೊಳೆಯಲಿಲ್ಲ. ಮನೆಗೆ ಹೋಗಿ ತಿಂದೆ.

ಆಗ ಅವಳ ಮಗಳು ಬಸುರಿ. ನಮ್ಮ ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ, ಸಂಘದ ಕಾರ್ಯದರ್ಶಿಯ ಮನೆಗೆಲಸಕ್ಕೆ ಬರುತ್ತಿದ್ದಳು. ಕೆಲಸದವರು ಲಿಫ್ಟ್ ಹತ್ತಬಾರದು, ವಾಸನೆ ಬರುತ್ತದೆ ಎಂದು ಕಾರ್ಯದರ್ಶಿ ನೋಟಿಸು ಬರೆದ. ಸಮಿತಿಯ ಐವರೂ ಸಹಿ ಹಾಕಿದೆವು. ನಾನು ಓದಿಯೇ ಹಾಕಿದೆ. ಚಹಾ ಆರುತ್ತಿತ್ತು, ಯಾರ ಹತ್ತಿರವೂ ನಿಷ್ಠುರ ಬೇಡವಾಗಿತ್ತು.

ಏಳು ತಿಂಗಳಾಗಿತ್ತು ಹುಡುಗಿಗೆ. ಮಾರುಕಟ್ಟೆಯಿಂದ ಬಂದ ಕಾರ್ಯದರ್ಶಿ ಎರಡು ಚೀಲ ಅವಳ ಕೈಗೆ ಕೊಟ್ಟು, ತಾನು ಬರಿಗೈಯಲ್ಲಿ ಲಿಫ್ಟ್ ಹತ್ತಿದ. ಅವಳು ಮೆಟ್ಟಿಲು ಹತ್ತಿದಳು. ನಾಲ್ಕನೇ ಮಹಡಿಯ ತಿರುವಿನಲ್ಲಿ ಬಿದ್ದಳು. ಮಗು ಉಳಿಯಲಿಲ್ಲ. ಸಭೆಯಲ್ಲಿ ಅವನು, "ರೂಲ್ ಅಂದ್ರೆ ರೂಲ್," ಎಂದ. ಆ ವಾರವೇ ಬೇರೊಬ್ಬಳನ್ನು ಕೆಲಸಕ್ಕಿಟ್ಟುಕೊಂಡ. ಬರೆಯುವಾಗ ಈಗಲೂ ಹಲ್ಲು ಕಡಿಯುತ್ತೇನೆ.

ಮಾಶಿ ಅಳಲಿಲ್ಲ, ಕೂಗಾಡಲಿಲ್ಲ. ವಾರ ಕಳೆದು ತನ್ನ ಜಾಗದಲ್ಲಿ ಕುಳಿತಳು. ಅಂದಿನಿಂದ, ಅವಳ ಹತ್ತಿರವೇ ಕೊಯ್ಯಿಸುತ್ತಿದ್ದ ಕಾರ್ಯದರ್ಶಿಯ ಮೀನು ಕಹಿಯಾಗತೊಡಗಿತು. ಅವನು ಅಂಗಡಿ ಬದಲಿಸಿದ. ಇನ್ನೊಬ್ಬಳ ಹತ್ತಿರ ಕೊಯ್ಯಿಸಿದ; ಅವಳ ಕೈಯೂ ಜಾರಿತು. ಮೂರನೆಯವಳದೂ ಜಾರಿತು. ಮೀನಿಲ್ಲದೆ ತುತ್ತೆತ್ತದ ಮನುಷ್ಯ ಲಿಫ್ಟಿನಲ್ಲಿ ನನ್ನ ಮುಂದೆ, "ಈ ಮಾರ್ಕೆಟ್ಟಿನ ಮೀನೇ ಕೆಟ್ಟುಹೋಗಿದೆ ಮೇಡಂ," ಎಂದು ಗೋಳಾಡಿದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆ ಭಾನುವಾರ ನನ್ನ ಗಂಡ ಮೊದಲ ತುತ್ತಿಗೇ ಮುಖ ಕಿವುಚಿದರು. "ಎಂತ ಮಾರಾಯ್ತಿ, ಕಹಿ ಉಂಟಲ್ಲ ಇದು!"

ಮರುದಿನ ಮಾರುಕಟ್ಟೆಗೆ ಹೋಗಿ ಕೇಳಿದೆ. "ಮಾಶಿ, ಕೈ ಜಾರಿತಾ?"

ಅವಳು ಮೀನಿನಿಂದ ಕಣ್ಣೆತ್ತಲಿಲ್ಲ. "ಇಲ್ಲ ಬೌದಿ. ಲಿಫ್ಟಿನ ಬಾಗಿಲ ಹತ್ರ ಅಂಟಿಸಿದ್ದೀರಲ್ಲ, ಆ ಕಾಗದ ನನ್ನ ಮಗಳು ಓದಿದಾಳೆ. ಐದು ಹೆಸರು. ನಿಮ್ಮದನ್ನ ಕೊನೆಗಿಟ್ಟಿದ್ದೆ."

"ಇನ್ನು ನಮಗೂ ಪ್ರತಿ ಸಲ ಹೀಗೇನಾ?"

"ನಿಮಗೆ ಒಂದೇ ಸಲ. ಅವನಿಗೆ, ನಾನಿರೋ ತನಕ."

ಮುಂದಿನ ಸಭೆಯಲ್ಲಿ, ನೋಟಿಸು ತೆಗೆಯಿರಿ ಎಂದು ಎದ್ದು ನಿಂತೆ. ನಾಲ್ವರು ಆಗದು ಎಂದರು. ಕಾರ್ಯದರ್ಶಿ ನಗುತ್ತಾ ನನ್ನ ಸಹಿಯನ್ನು ನನಗೇ ತೋರಿಸಿದ. ಭಾನುವಾರ ಮಾಶಿಗೆ ಅದನ್ನು ಹೇಳಿ, ಆಗ ತಾನೇ ಅವಳು ಕೊಯ್ದ ರೂಯಿಯ ಹೊಟ್ಟೆ ತುಂಡನ್ನು ಅವಳ ಡಬ್ಬಿಗೆ ಹಾಕಿದೆ. ಅವಳು ಅದನ್ನು ತೆಗೆದು ವಾಪಸ್ ನನ್ನ ಚೀಲಕ್ಕೇ ಹಾಕಿದಳು. "ಅವತ್ತು ಕೇಳಿದ್ದು ಮಗಳ ಬಯಕೆಗೆ, ಬೌದಿ. ಈಗ ಬೇಡ." ಅದಕ್ಕಿಂತ ಕಹಿಯಾದ ಮಾತನ್ನು ನಾನು ಈವರೆಗೆ ಕೇಳಿಲ್ಲ.

ಕಳೆದ ಮಳೆಗಾಲದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಮಾಶಿ ಹೋದಳು. ಅವಳ ಜಾಗದಲ್ಲಿ ಬೇರೊಬ್ಬಳು ಕುಳಿತಳು. ಉಳಿದವರ ಕೈಗಳೂ ಜಾರುವುದನ್ನು ನಿಲ್ಲಿಸಿದವು. ಅವಳ ಮಾತಿಗಷ್ಟೇ ಅವರು ಅದನ್ನು ನಡೆಸಿಕೊಂಡು ಬಂದಿದ್ದರು. ತಿಂಗಳಾದ ಮೇಲೆ ಕಾರ್ಯದರ್ಶಿ ಲಿಫ್ಟಿನಲ್ಲಿ ಹೊಟ್ಟೆ ಸವರಿಕೊಂಡು, "ಮಾರ್ಕೆಟ್ ಸುಧಾರಿಸಿದೆ ಮೇಡಂ," ಎಂದ. ನನ್ನ ಮೈ ಉರಿದುಹೋಯಿತು. ಆ ಸಲ ಊರಿಗೆ ಹೋದಾಗ ಅಮ್ಮನ ಮೆಟ್ಟುಗತ್ತಿಯನ್ನು ಗೋಣಿಯಲ್ಲಿ ಸುತ್ತಿ ರೈಲಿನಲ್ಲಿ ತಂದೆ.

ಬಂಗಾಳಿ ಹೊಸ ವರ್ಷದ ದಿನ ನಮ್ಮ ಕಟ್ಟಡದವರೆಲ್ಲ ಕೆಳಗೆ ಒಟ್ಟಿಗೆ ಊಟ ಮಾಡುತ್ತೇವೆ. ನಿಮ್ಮೂರಿನ ಗಸಿ ಮಾಡಿ ತನ್ನಿ ಎಂದು ಕಾರ್ಯದರ್ಶಿ ತಾನೇ ಕೇಳಿದ. ಇಡೀ ರೂಯಿ ತಂದು, ಅಡುಗೆಮನೆಯ ನೆಲದಲ್ಲಿ ಕುಳಿತು, ಕಾಲಿನಿಂದ ಕತ್ತಿಯನ್ನು ಒತ್ತಿ ಹಿಡಿದೆ. ಹೊಟ್ಟೆಯಿಂದ ಎರಡು ತುಂಡು ಬೇರೆ ತೆಗೆದಿಟ್ಟೆ. ಪಿತ್ತದ ಚೀಲವನ್ನು ಮೆಲ್ಲನೆ ಎತ್ತಿ, ಆ ಎರಡರ ಮೇಲೆ ಉಗುರಿನಿಂದ ಒಡೆದು, ಬೇರೆ ಪಾತ್ರೆಯಲ್ಲಿ ಬೇಯಿಸಿದೆ. ಒಂದು ಅವನ ತಟ್ಟೆಗೆ, ಒಂದು ನನ್ನ ತಟ್ಟೆಗೆ.

ಅವನು ಬಾಯಿಗಿಟ್ಟು ಮುಖ ಹುಳ್ಳಗೆ ಮಾಡಿದ. ಸುತ್ತ ಎಲ್ಲರೂ ಇದ್ದರು, ಉಗುಳುವ ಹಾಗಿರಲಿಲ್ಲ. "ಕೈ ಜಾರಿತಾ ಮೇಡಂ?" ಎಂದು ಹೇಗೋ ಕೇಳಿದ.

"ಇಲ್ಲ. ಮೆಟ್ಟಿಲಲ್ಲಿ ಬಿದ್ದಳಲ್ಲ, ಅವಳ ಅಮ್ಮ ಕಲಿಸಿದ್ದು," ಎಂದೆ. "ಇನ್ನು ನಾನಿರೋ ತನಕ."

ಅವನು ಆ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ನನ್ನನ್ನು ನೋಡುತ್ತಿದ್ದ. ನಾನು ನನ್ನ ತುಂಡನ್ನು ಮುಳ್ಳಿನವರೆಗೂ ತಿಂದೆ.