ಬಾವಿಗೆ ಇಳಿಸದ ಬಾಟಲಿ

1996ರಲ್ಲಿ ನಾನು ಹಾಸನದಲ್ಲಿ ಆರೋಗ್ಯ ನಿರೀಕ್ಷಕನಾಗಿದ್ದೆ. ಹೋಟೆಲುಗಳ ಅಡುಗೆಮನೆ, ಕುಡಿಯುವ ನೀರು, ಚರಂಡಿ ಇವನ್ನು ನೋಡುವುದು ಕೆಲಸ. ಹೆಂಡತಿ ಅರಕಲಗೂಡಿನಲ್ಲಿ ಶಾಲಾ ಟೀಚರ್, ನಾನಿಲ್ಲಿ ಬಾಡಿಗೆ ಕೋಣೆಯಲ್ಲಿ ಒಬ್ಬನೇ. ಹೋಟೆಲಿನವರು ನನ್ನನ್ನು ಕಂಡರೆ ನಗುತ್ತಿದ್ದರು, ಆದರೆ ಕೂತು ಮಾತಾಡುವವರು ಊರಲ್ಲಿ ಒಬ್ಬರೂ ಇರಲಿಲ್ಲ.

ಹಳೆಯ ಅಗ್ರಹಾರದ ತೊಟ್ಟಿಮನೆಯೊಂದರಲ್ಲಿ ವೆಂಕಮ್ಮನವರ ಊಟದ ಮನೆ ಇತ್ತು. ಗಂಡ ಶುರುಮಾಡಿದ್ದು, ಅವರು ಹೋದ ಮೇಲೆ ಈಕೆಯೇ ನಡೆಸುತ್ತಿದ್ದರು. ತೊಟ್ಟಿಯ ಸುತ್ತ ಎಲೆ ಹಾಕಿ ಕಾಲೇಜಿನ ಹುಡುಗರಿಗೂ ಲೆಕ್ಚರರುಗಳಿಗೂ ಬಡಿಸುವುದು. ನಲ್ಲಿ ನೀರು ಮಡಿಗೆ ಬಾರದೆಂದು ಹಿತ್ತಲ ಬಾವಿ ನೀರಲ್ಲೇ ಅಡುಗೆ.

ಆ ಜುಲೈನಲ್ಲಿ ಅಲ್ಲಿ ಉಣ್ಣುತ್ತಿದ್ದವರೂ ಸೇರಿ ಸುತ್ತಲಿನ ಹುಡುಗರಿಗೆ ಕಾಮಾಲೆ ಹಿಡಿಯಿತು. ಬಾವಿ ನೀರಿನ ಸ್ಯಾಂಪಲ್ ತೆಗೆಯಲು ಹೋದೆ. ಅದಕ್ಕೊಂದು ಕ್ರಮವಿದೆ. ಕ್ರಿಮಿಶುದ್ಧ ಮಾಡಿದ ಬಾಟಲಿಗೆ ದಾರ ಕಟ್ಟಿ ನಾವೇ ಬಾವಿಗೆ ಇಳಿಸಬೇಕು. ಬೇರೆ ಪಾತ್ರೆ ಸೋಕಬಾರದು.

"ಬಾವಿ ಹತ್ರ ಬರ್ಬೇಡಿ, ಮಡೀಲಿದೀನಿ. ನಾನೇ ಸೇದಿ ಕೊಡ್ತೀನಿ," ಅಂದರು ವೆಂಕಮ್ಮ.

ಒದ್ದೆ ಸೀರೆಯಲ್ಲಿ ನಿಂತ ಹಿರಿಯ ಹೆಂಗಸಿನೊಂದಿಗೆ ವಾದಕ್ಕಿಳಿಯಲು ಮನಸ್ಸಾಗಲಿಲ್ಲ. ಅವರು ನೀರು ಸೇದಿ, ಬಟ್ಟೆಯಲ್ಲಿ ಸೋಸಿ, ಬಿಂದಿಗೆಯಿಂದ ನನ್ನ ಬಾಟಲಿಗೆ ಹುಯ್ದರು. ಅತಿ ವಿನಯ ಧೂರ್ತ ಲಕ್ಷಣ ಅನ್ನುತ್ತಾರೆ. ನನ್ನದು ದಡ್ಡ ಲಕ್ಷಣ.

ವಾರದ ಮೇಲೆ ವರದಿ ಬಂತು: ಕೋಲಿಫಾರ್ಮ್ ಇದೆ. ನೀರಿಗೆ ಮಲದ ಸೋಂಕು ತಗಲಿರಬಹುದೆಂದು ತೋರಿಸುವ ಬ್ಯಾಕ್ಟೀರಿಯಾ ಅದು. ನೋಟಿಸ್ ಕೊಟ್ಟು ಊಟದ ಮನೆ ಮುಚ್ಚಿಸಿದೆ. ವೆಂಕಮ್ಮ ಜಗಳವಾಡಲಿಲ್ಲ.

"ನನ್ ಕೈಯಾರೆ ಆ ಮಕ್ಕಳಿಗೆ ಇಂಥ ನೀರು ಹಾಕಿದ್ನಾ?" ಎಂದಷ್ಟೇ ಕೇಳಿದರು. ನಾನು ಹೌದೆಂದೆ.

ಆಮೇಲೂ ಕಾಮಾಲೆ ನಿಲ್ಲಲಿಲ್ಲ. ಯಾಕೆಂದು ತಲೆ ಕೆಡಿಸಿಕೊಂಡು ಕೂತಿದ್ದಾಗ ಅಂದು ಜೊತೆಗೆ ಬಂದಿದ್ದ ಜವಾನ ತಮ್ಮಯ್ಯ ಮೆಲ್ಲಗೆ ಹೇಳಿದ: "ನಾವು ಬಾವಿಗೆ ಬಾಟ್ಲು ಬಿಡ್ನೇ ಇಲ್ವಲ್ಲ ಸಾ. ಆಯಮ್ಮನ ಬಿಂದ್ಗೆ ನೀರಲ್ವಾ ಕಳ್ಸಿದ್ದು?"

ಮರುದಿನವೇ ಹೋಗಿ ಬಾಟಲಿಯನ್ನು ನಾನೇ ಇಳಿಸಿದೆ. ವೆಂಕಮ್ಮ ಮಡಿಯ ಮಾತೆತ್ತಲಿಲ್ಲ. ಈ ಸಲದ ವರದಿಯಲ್ಲಿ ಬಾವಿ ನೀರು ಶುದ್ಧವಾಗಿತ್ತು. ದೋಷ ಬಟ್ಟೆಯದೋ ಬಿಂದಿಗೆಯದೋ, ಇಂದಿಗೂ ತಿಳಿಯದು. ಕಾಮಾಲೆಯ ಮೂಲ ಚರಂಡಿಯೊಳಗೆ ಒಡೆದಿದ್ದ ನಲ್ಲಿ ಪೈಪು; ಹುಡುಗರು ತಮ್ಮ ಕೋಣೆಗಳಲ್ಲಿ ಕುಡಿಯುತ್ತಿದ್ದುದು ಅದೇ ನೀರು.

ವರದಿ ಹಿಡಿದು ಅವರ ಮನೆಗೆ ಓಡಿದೆ. ಅಷ್ಟರಲ್ಲಿ ಐದು ವಾರ ಕಳೆದಿತ್ತು. ಹುಡುಗರೆಲ್ಲ ಬೇರೆ ಮೆಸ್ ಸೇರಿಕೊಂಡಿದ್ದರು. ತಪ್ಪು ನನ್ನದೆಂದು ಒಪ್ಪಿಕೊಂಡೆ. ಅವರು ವರದಿಯನ್ನು ನನ್ನಿಂದ ಎರಡು ಸಲ ಓದಿಸಿದರು.

"ಹಾಗಾದ್ರೆ ನನ್ನಿಂದಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ನಾಳೆಯಿಂದಲೇ ತೆರೆಯಿರಿ ಎಂದೆ. ಅವರು ಒಂದು ಎಲೆ ತಂದು ಹಾಕಿದರು.

"ಕೂತ್ಕೊಳ್ಳಿ. ಒಬ್ಬಳಿಗೆ ಅಂತ ಅಡುಗೆ ಮಾಡೋಕೆ ನಂಗೆ ಬರಲ್ಲ, ದಿನಾ ಉಳಿಯುತ್ತೆ."

"ಹೋಟ್ಲಿನವರ ಹತ್ರ ನಾನು ಉಣ್ಣೋ ಹಾಗಿಲ್ಲಮ್ಮ."

"ಹೋಟ್ಲು ಎಲ್ಲಿದೆ ಈಗ?"

ಉಂಡೆ. ಅಷ್ಟು ದೊಡ್ಡ ತೊಟ್ಟಿಯಲ್ಲಿ ಒಂದೇ ಎಲೆ. ನನ್ನ ಕೋಣೆಯಲ್ಲೂ ಅಷ್ಟು ಒಂಟಿಯಾಗಿ ನಾನು ಉಂಡಿರಲಿಲ್ಲ. ಅವರು ಮತ್ತೆ ಊಟದ ಮನೆ ತೆರೆಯಲಿಲ್ಲ.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಹೇಳುತ್ತಿದ್ದೆ. ಜನರ ಮನಸ್ಸು ನೋಯಿಸಬಾರದೆಂದು ಕ್ರಮ ಬಿಟ್ಟರೆ, ನೋವು ಅವರಿಗೇ ತಟ್ಟುತ್ತದೆ. ಅಂದು ಬಾವಿಕಟ್ಟೆಯಲ್ಲಿ ನಾನು ನಾಲ್ಕು ಬೈಗುಳ ತಿಂದಿದ್ದರೆ, ವೆಂಕಮ್ಮ ಆ ಐದು ವಾರ ತಮ್ಮ ಕೈಗಳನ್ನು ತಾವೇ ಶಪಿಸಿಕೊಂಡು ಕೂರಬೇಕಾಗಿರಲಿಲ್ಲ.